ಶನಿವಾರದ ಹರಟೆಗೆ: ಧಣಿಯ ಕಿವಿ ಹಿಡಿದ ಶೆರಿಫ್

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ 9ಕ್ಕೆ ಅಮೆರಿಕದ ಹಳೇ ಗಣಿ ಊರಿನ ಕಥೆ ಹೇಳುವ ಟಿವಿ ಧಾರಾವಾಹಿ ‘ಡೆಡ್‌ವುಡ್’ನ ಮೂರನೇ ಸೀಸನ್ನಿನ ಐದನೇ ಕಂತಿನ ಬಗ್ಗೆ ಮಾತಾಡೋಣ. ಮೊದಲೇ ನೋಡಿಕೊಂಡು ಬನ್ನಿ.

ಊರಿನ ಶೆರಿಫ್, ಅಂದರೆ ಪೊಲೀಸ್ ಅಧಿಕಾರಿ, ಬುಲಕ್‌ಗೆ ಮೂಗಿನ ತುದಿಯಲ್ಲೇ ಕೋಪ. ಗಣಿ ಧಣಿ ಹರ್ಸ್ಟ್‌ಗೆ ಊರೆಲ್ಲ ಹೆದರುತ್ತದೆ. ಅಂಥವನನ್ನು ಬುಲಕ್, ಮೇಷ್ಟ್ರು ತುಂಟ ಹುಡುಗನನ್ನು ಹಿಡಿದ ಹಾಗೆ, ಕಿವಿ ಹಿಡಿದು ಬೀದಿಯಲ್ಲಿ ಎಳೆದುಕೊಂಡು ಹೋಗಿ ಜೈಲಿಗೆ ಹಾಕುತ್ತಾನೆ! ಗುಂಡೇಟಿಗಿಂತ ಈ ಅವಮಾನವೇ ಜಾಸ್ತಿ, ಅಲ್ವಾ?

ಇಬ್ಬರೂ ನಿಜವಾಗಿ ಇದ್ದವರೇ. ಬುಲಕ್ 1877ರಲ್ಲಿ ಲಾರೆನ್ಸ್ ಕೌಂಟಿಯ ಶೆರಿಫ್. ಅದೇ ವರ್ಷ ಹೋಮ್‌ಸ್ಟೇಕ್ ಚಿನ್ನದ ಗಣಿ ಕೊಂಡ ಹರ್ಸ್ಟ್ ಆಮೇಲೆ ಸೆನೆಟರ್ ಆದ. ಕಿವಿಯ ಪ್ರಸಂಗ ಮಾತ್ರ ಕಥೆಯದ್ದು.

ಬೈಗುಳ ವಿಪರೀತ. ಮನೆಯಲ್ಲಿ ಮಕ್ಕಳಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.