ಮೂರನೇ ಬೋರ್ ಬೇಡ ಅಪ್ಪಾಜಿ

ಬಿಷೋಫ್ಟು, ಇಥಿಯೋಪಿಯ
7 ಸೆಪ್ಟೆಂಬರ್ 2018

ತೀರ್ಥರೂಪು ಅಪ್ಪಾಜಿಗೆ, ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ಪುಟ್ಟಿಗೆ ಓದಿಕೋ ಅಂತ ಹೇಳಿ. ಮೇಷ್ಟ್ರ ಕೈಲಿ ಕೊಟ್ಟ ಕಾಗದ, ಚಟ್ನಿಪುಡಿ ಎರಡೂ ಬಂತು. ಕಾಗದ ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಲ್ಲಿ ಹೇಳಿದರೆ ನೀವು ಇಟ್ಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಕೆರೆ ಹಿಂದಿನ ಎರಡೆಕರೆ ಅಡವಿಟ್ಟು ಬೋರ್ ಕೊರೆಸಿ, ರಾಗಿ ಹೊಲಕ್ಕೆ ಅಡಿಕೆ ಹಾಕುತ್ತೀರಂತೆ. ಅಪ್ಪಾಜಿ, ನಾನು ಬರುವವರೆಗೆ ಯಾವ ಪತ್ರಕ್ಕೂ ಸಹಿ ಹಾಕಬೇಡಿ. ಮೊದಲನೇ ಬೋರ್ ಎರಡೇ ಬೇಸಿಗೆಗೆ ಬತ್ತಿತು. ಎರಡನೆಯದು 900 ಅಡಿ ಹೋದರೂ ಬರೀ ದೂಳು. ಆ ಬಿಳಿ ದೂಳು ಅಮ್ಮ ಒಣಹಾಕಿದ್ದ ಹಪ್ಪಳದ ಮೇಲೆಲ್ಲ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಲ್ಲೋ ಕೂತು ಬುದ್ಧಿ ಹೇಳುತ್ತಾನೆ ಅನ್ನಬೇಡಿ. ಬೇಸಾಯಕ್ಕೆ ಯೋಜನೆ ಹಾಕುವವರ ಜೊತೆಗೇ ಇಲ್ಲಿ ನನ್ನ ಕೆಲಸ. ಇವರು ಮೊದಲು ಎಲ್ಲ ಸೀಮೆಗೂ ಡಿಎಪಿ, ಯೂರಿಯಾ ಎರಡೇ ಗೊಬ್ಬರ ಹಂಚುತ್ತಿದ್ದರು. 2012ರಿಂದ ಈಚೆಗೆ ಊರೂರಿನ ಮಣ್ಣು ತೆಗೆದು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಕೊರತೆ ಕಂಡಿತು. ಗೊಬ್ಬರದ ಲೆಕ್ಕವೇ ಬದಲಾಯಿತು.

ಇವರ ಮುಖ್ಯ ಬೆಳೆ ಟೆಫ್, ಕಾಳು ರಾಗಿಗಿಂತ ಎಷ್ಟೋ ಸಣ್ಣದು. ಎರಚುವ ಬದಲು ಸಾಲಲ್ಲಿ ಬಿತ್ತಿದರೆ ಬೀಜ ಉಳಿಯುತ್ತದೆ, ಇಳುವರಿ ಹೆಚ್ಚುತ್ತದೆ ಅಂತ ಯೋಜನೆ. ಹೋದ ತಿಂಗಳು ಒಬ್ಬ ಅಜ್ಜಿಯ ಹೊಲದಲ್ಲಿದ್ದೆ. ಚಿಟಿಕೆ ಚಿಟಿಕೆ ಬೀಜ ಬಿಡುತ್ತಾ ಮೂರು ಸಾಲು ಮುಗಿಸಿದಳು. ಸೊಂಟ ಹಿಡಿದು ನಿಂತು, 'ಇದನ್ನು ಬರೆದವರು ಎಷ್ಟು ಸಾಲು ಬಿತ್ತಿದ್ದಾರೆ?' ಅಂದಳು. ಉಳಿದದ್ದನ್ನು ಎರಚಿಯೇ ಮುಗಿಸಿದಳು. ನಾನು ಸುಮ್ಮನೆ ನಿಂತಿದ್ದೆ. ಆ ಕ್ಷಣಕ್ಕೆ ನೀವು ನೆನಪಾದಿರಿ. ಅಡಿಕೆಗೆ ನೀರಷ್ಟೇ ಅಲ್ಲ, ಆಳೂ ಬೇಕು. ಮನೆಯಲ್ಲಿ ದುಡಿಯುವವರು ನೀವಿಬ್ಬರೇ, ನಿಮ್ಮ ಮಂಡಿ ನೋವು ಬೇರೆ.

ಇಲ್ಲಿ ಭೂಮಿ ಸರ್ಕಾರದ್ದು. ಉಳಬಹುದು, ಮಾರುವ ಹಾಗಿಲ್ಲ. ಅದರ ಕಷ್ಟ ಅದಕ್ಕಿದೆ, ಆದರೆ ಸಾಲಕ್ಕೆ ಯಾರ ಹೊಲವೂ ಹೋಗುವುದಿಲ್ಲ. ನಮ್ಮದು ತಾತ ಕಲ್ಲು ಆಯ್ದು ಮಾಡಿದ ಹೊಲ.

ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆನೀರು ಹಿಡಿಯುವ ಹೊಂಡಕ್ಕೆ ಅರ್ಜಿ ಕೊಡಿ, ಸಬ್ಸಿಡಿ ಇದೆ. ರಾಗಿ ಕೊಯ್ದ ಮೇಲೆ ಮಣ್ಣು ಪರೀಕ್ಷೆ ಮಾಡಿಸಿ. ರಾಗಿ ನಡುವಿನ ಅಕ್ಕಡಿ ಸಾಲಿನ ತೊಗರಿ, ಅವರೆ ಬಿಡಬೇಡಿ. ರಾಗಿ ಅಂದರೆ ಕಡೆ ಅನ್ನಬೇಡಿ ಅಪ್ಪಾಜಿ, ರಾಗಿಯ ತವರೇ ಈ ಸೀಮೆ! ಇಲ್ಲಿ ರಾಗಿಗೆ ಡಗುಸ ಅಂತಾರೆ. ಮೊದಲ ಸಲ ತೆನೆ ನೋಡಿದಾಗ ಮನೆಯವರನ್ನೇ ಕಂಡ ಹಾಗಾಯಿತು.

ಅಮ್ಮ, ಊಟಕ್ಕೆ ಏನೂ ತೊಂದರೆಯಿಲ್ಲ. ಇಂಜೆರ ಅಂತ ದೊಡ್ಡ ಹುಳಿ ದೋಸೆ, ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಬುಧವಾರ, ಶುಕ್ರವಾರ ಇಲ್ಲಿನ ಬಹುಪಾಲು ಕ್ರೈಸ್ತರಿಗೆ ಉಪವಾಸ, ಮಾಂಸ ಮುಟ್ಟುವುದಿಲ್ಲ. ಇವರಿಗೆ 13 ತಿಂಗಳು. ಈಗ ಐದೇ ದಿನದ ಕೊನೇ ತಿಂಗಳು, 11ಕ್ಕೆ ಇವರ ಲೆಕ್ಕದ 2011ನೇ ಇಸವಿ ಹುಟ್ಟುತ್ತದೆ. ಜ್ವರ ಇಲ್ಲ, ಕೆಮ್ಮು ಇಲ್ಲ, ದುಡ್ಡಿಗೂ ತೊಂದರೆಯಿಲ್ಲ, ತೂಕವೂ ಹೆಚ್ಚಾಗಿದೆ. ನನ್ನ ಚಿಂತೆ ಖಂಡಿತ ಬೇಡ.

ಜೀಪು ಬಂತು, ಹಾರ್ನ್ ಹೊಡೀತಿದ್ದಾರೆ. ಸಂಕ್ರಾಂತಿಗೆ ಬರುತ್ತೇನೆ. ಸಹಿ ಮಾತ್ರ ಹಾಕಬೇಡಿ.

ಇತಿ ನಿಮ್ಮ ಮಗ