ಜಂಟಿ ಸಂಶೋಧನೆ ಎಡವುವುದು ಬಾಟಲಿಯಲ್ಲಿ

ಮಾನ್ಯ ಸಂಪಾದಕರೇ,

ಸಮುದ್ರ ಜೈವಿಕ ತಂತ್ರಜ್ಞಾನದಲ್ಲಿ ಜಂಟಿ ಸಂಶೋಧನೆಗೆ ಎರಡು ಸಂಸ್ಥೆಗಳು ಸಹಿ ಹಾಕಿದರೆ ಅದು ಸುದ್ದಿಯಾಗುತ್ತದೆ. ಒಪ್ಪಂದದಲ್ಲಿ ಹಣ, ಪೇಟೆಂಟ್, ಲೇಖಕರ ಹೆಸರಿನ ಕ್ರಮ ಎಲ್ಲವೂ ಇರುತ್ತವೆ. ಮಾದರಿಯಾಗಿ ತೆಗೆದ ಸಮುದ್ರದ ನೀರನ್ನು ಎಷ್ಟು ಹೊತ್ತಿನೊಳಗೆ ಸೋಸಬೇಕು ಎಂಬುದೊಂದು ಇರುವುದಿಲ್ಲ. ಕೆಲಸ ಹಳ್ಳ ಹಿಡಿಯುವುದು ಬಹುಮಟ್ಟಿಗೆ ಅಲ್ಲೇ.

ಸಮುದ್ರದ ಮೇಲ್ಪದರದ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಆ ನೀರನ್ನು ಬಾಟಲಿಯಲ್ಲಿ ಒಂದು ದಿನ ಇಟ್ಟರೆ ಸಾಕು, ಮೊದಲು ವಿರಳವಾಗಿದ್ದ ಆಲ್ಟೆರೊಮೊನಾಸ್, ವಿಬ್ರಿಯೊದಂಥ ಚುರುಕು ಜಾತಿಗಳು ಉಳಿದವನ್ನು ಹಿಂದಿಕ್ಕಿ ಬೆಳೆದುಬಿಡುತ್ತವೆ. ಒಂದು ತಂಡ ಹಡಗಿನಲ್ಲೇ ಸೋಸಿ, ಇನ್ನೊಂದು ದಡಕ್ಕೆ ತಂದು ಸೋಸಿದರೆ ಫಲಿತಾಂಶದಲ್ಲಿ ಕಾಣುವ ವ್ಯತ್ಯಾಸ ಸಮುದ್ರದ್ದಲ್ಲ, ಬಾಟಲಿಯದು.

ಬೇಕಾದ ಆಳದ ನೀರನ್ನು ಹಿಡಿದು ತರುವ ನಿಸ್ಕಿನ್ ಬಾಟಲಿ ಮೇಲೆ ಬಂದ ಕೂಡಲೇ ಒಂದೆರಡು ಲೀಟರ್ ನೀರನ್ನು ಮೊದಲು 3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಆಮೇಲೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಹಾಯಿಸಿ, ಫಿಲ್ಟರನ್ನು ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಆರ್‌ಎನ್‌ಎ ಬೇಕಿದ್ದರೆ ಎಲ್ಲವೂ ನಿಮಿಷಗಳಲ್ಲಿ ಮುಗಿಯಬೇಕು. ಯಾವ ಜೀನ್ ಆಗ ಕೆಲಸ ಮಾಡುತ್ತಿದೆ ಎಂದು ತಿಳಿಸುವ, ಬ್ಯಾಕ್ಟೀರಿಯಾದ ಸಂದೇಶವಾಹಕ ಆರ್‌ಎನ್‌ಎ ಅಷ್ಟು ಬೇಗ ಒಡೆಯುತ್ತದೆ. ಮೊದಲ ಫಿಲ್ಟರನ್ನು ಕಸಕ್ಕೆ ಎಸೆಯುವವರಿದ್ದಾರೆ. ಕಣಗಳಿಗೆ ಅಂಟಿ ಬದುಕುವ ಜೀವಿಗಳೆಲ್ಲ ಅದರ ಮೇಲೇ ಇರುತ್ತವೆ! ಅಷ್ಟೇ ಪ್ರಮಾಣದ ಶುದ್ಧೀಕರಿಸಿದ ನೀರನ್ನೂ ಅದೇ ಉಪಕರಣದಲ್ಲಿ ಸೋಸಿ ಇಟ್ಟುಕೊಳ್ಳಬೇಕು, ಹೊರಗಿನಿಂದ ಸೇರಿದ ಡಿಎನ್‌ಎ ಯಾವುದೆಂದು ಅದರಿಂದ ಗೊತ್ತಾಗುತ್ತದೆ. ಜೀವಕೋಶಗಳೇ ಕಡಿಮೆಯಿರುವ ಆಳದ ಕೆಸರಿನಲ್ಲಿ, ಡಿಎನ್‌ಎ ಬೇರ್ಪಡಿಸುವ ಕಿಟ್‌ನಲ್ಲಿದ್ದ ಡಿಎನ್‌ಎಯೇ ಹೊಸ ಆವಿಷ್ಕಾರದ ವೇಷ ಹಾಕಿ ಬರುತ್ತದೆ.

ಪ್ರೈಮರ್, ಅಂದರೆ ಬೇಕಾದ ಜೀನ್‌ನ ನಕಲು ತೆಗೆಯಲು ಬಳಸುವ ಡಿಎನ್‌ಎಯ ಚಿಕ್ಕ ತುಣುಕಿನ ವಿಷಯದಲ್ಲೂ ಒಮ್ಮತ ಬೇಕು. ಬ್ಯಾಕ್ಟೀರಿಯಾಗಳನ್ನು ಗುರುತಿಸಲು ನೆರವಾಗುವ 16ಎಸ್ ಜೀನ್‌ಗೆ ಬಳಸುವ 515–806 ಪ್ರೈಮರ್ ಜೋಡಿಯ ಹಳೆಯ ರೂಪ, ಸಮುದ್ರದಲ್ಲಿ ಅತಿ ಹೇರಳವಾದ ಸಾರ್-11 ಎಂಬ ಬ್ಯಾಕ್ಟೀರಿಯಾ ಗುಂಪನ್ನೇ ಕಡಿಮೆ ತೋರಿಸುತ್ತಿತ್ತು. 2015–16ರಲ್ಲಿ ಅದನ್ನು ತಿದ್ದಲಾಯಿತು. ಒಬ್ಬರು ಹಳೆಯದು, ಇನ್ನೊಬ್ಬರು ಹೊಸದು ಬಳಸಿದರೆ ಆ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಕೂರಿಸುವಂತಿಲ್ಲ. ಪ್ರಮಾಣ ಗೊತ್ತಿರುವ ಬ್ಯಾಕ್ಟೀರಿಯಾಗಳ ಮಿಶ್ರಣವೊಂದನ್ನು ಎಲ್ಲ ಪ್ರಯೋಗಾಲಯಗಳಿಗೂ ಹಂಚಿ ಪರೀಕ್ಷಿಸಿದರೆ ಯಾರ ತಕ್ಕಡಿ ಎತ್ತ ವಾಲಿದೆ ಎಂಬುದು ತಿಳಿಯುತ್ತದೆ.

ಕೃಷಿಕೆಯಲ್ಲಿ, ಅಂದರೆ ಜೀವಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವಲ್ಲಿ, ಇನ್ನಷ್ಟು ಎಚ್ಚರ ಬೇಕು. ಲೀಟರಿಗೆ 5 ಗ್ರಾಂ ಪೆಪ್ಟೋನ್ (ಜೀರ್ಣಿಸಿದ ಪ್ರೋಟೀನ್), 1 ಗ್ರಾಂ ಯೀಸ್ಟ್ ಸತ್ವವಿರುವ ಮರೈನ್ ಅಗಾರ್ 2216 ಎಂಬ ಪೋಷಕ ಲೋಳೆ, ಕಡಲಿನ ಬಡತನಕ್ಕೆ ಒಗ್ಗಿದ ಜೀವಿಗಳಿಗೆ ಹಬ್ಬದೂಟವಲ್ಲ, ಅಜೀರ್ಣ. 1990ರಲ್ಲೇ ಜೀನ್ ಮೂಲಕ ಪತ್ತೆಯಾಗಿದ್ದ ಸಾರ್-11, ಪ್ರಯೋಗಾಲಯದಲ್ಲಿ ಬೆಳೆದದ್ದು 2002ರಲ್ಲಿ, ಅದೂ ಪೋಷಕಾಂಶ ತೀರಾ ಕಡಿಮೆಯಿದ್ದ ಸಮುದ್ರದ ನೀರಿನಲ್ಲಿ. ಫಾಸ್ಫೇಟನ್ನೂ ಅಗಾರನ್ನೂ ಒಟ್ಟಿಗೆ ಆಟೊಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿದರೆ) ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟಿ, ಬೆಳೆಯುವ ಕಾಲೊನಿಗಳ ಸಂಖ್ಯೆ ಇಳಿಯುತ್ತದೆ. ಬೇರೆಬೇರೆಯಾಗಿ ಕಾಯಿಸಿ ಆಮೇಲೆ ಬೆರೆಸಬೇಕು. ಆಳಸಮುದ್ರದ ಶೀತಪ್ರಿಯ ಜೀವಿಗಳ ಮೇಲೆ 45 ಡಿಗ್ರಿಯ ಅಗಾರ್ ಸುರಿಯುವುದು ಅವುಗಳನ್ನು ಕೊಂದಂತೆಯೇ, ತಣ್ಣಗಾದ ತಟ್ಟೆಯ ಮೇಲೆ ಹರಡುವುದೇ ಸರಿ.

ಹೊಸ ಪ್ರಭೇದದ ಹೆಸರಿಗೆ ಮಾನ್ಯತೆ ಸಿಗಲು ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ತಳಿಯನ್ನು ಹೊರಗೆ ಕಳಿಸಲು ದೇಶದ ಅನುಮತಿ ಬೇಕಾದೀತು. ಆದ್ದರಿಂದ ಜೈವಿಕ ಸಂಪನ್ಮೂಲಗಳ ಬಳಕೆ ಮತ್ತು ಅದರ ಲಾಭದ ಹಂಚಿಕೆ ಕುರಿತು 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ಕಾಗದಪತ್ರಗಳನ್ನು ಹಡಗು ಹೊರಡುವ ಮೊದಲೇ ಸರಿಪಡಿಸಿಕೊಳ್ಳಬೇಕು. ಶೇ. 20 ಗ್ಲಿಸರಾಲ್‌ನಲ್ಲಿಟ್ಟ ತಳಿಗಳನ್ನು ಒಣಮಂಜಿನಲ್ಲಿ (ಘನರೂಪದ ಇಂಗಾಲದ ಡೈಆಕ್ಸೈಡ್) ಕಳಿಸುವಾಗ ಪೆಟ್ಟಿಗೆಗೆ ಗಾಳಿ ಹೋಗುವ ಕಿಂಡಿ ಇರಲಿ, ಇಲ್ಲವಾದರೆ ಅನಿಲದ ಒತ್ತಡಕ್ಕೆ ಒಡೆಯುತ್ತದೆ. ಪ್ರತಿ ತಳಿಯ ಒಂದು ಪ್ರತಿ ಕಳಿಸಿದವರ ಬಳಿಯೂ ಉಳಿಯಬೇಕು.

ಕಡೆಯದಾಗಿ ಸಮಯ. ಮಾದರಿ ತೆಗೆದ ಗಂಟೆಯನ್ನು ಒಬ್ಬರು ಸ್ಥಳೀಯ ಸಮಯದಲ್ಲಿ, ಇನ್ನೊಬ್ಬರು ಗ್ರೀನಿಚ್ ಸಮಯದಲ್ಲಿ ಬರೆದರೆ, ಹಗಲಿನ ದ್ಯುತಿಸಂಶ್ಲೇಷಣೆಯ ಜೀನ್‌ಗಳು ದಾಖಲೆಯಲ್ಲಿ ನಡುರಾತ್ರಿ ಕೆಲಸ ಮಾಡುತ್ತಿರುತ್ತವೆ.