ಎರಡು ಸುತ್ತು ಕೀರ್ತನೆ ಮುಗಿದಾಗ, ಜೊತೆ ಕೂತವರಿಗೆಲ್ಲ

ಕರ್ತನಿಗೆ ಸ್ತೋತ್ರ. ನಮ್ಮ ಪ್ರಾರ್ಥನಾ ಗುಂಪಿನ ಎರಡನೇ ಸುತ್ತು ನಿನ್ನೆಗೆ ಮುಗಿಯಿತು. ಸತ್ಯವೇದದ (ಬೈಬಲಿನ) 150 ಕೀರ್ತನೆಗಳಲ್ಲಿ ದಿನಕ್ಕೊಂದು, ಅದರ ಬೆನ್ನಿಗೇ ಇಪ್ಪತ್ತು ನಿಮಿಷ ಮೌನ. 119ನೇ ಕೀರ್ತನೆ ಮಾತ್ರ 176 ವಚನಗಳದ್ದು, ಒಂದು ದಿನಕ್ಕೆ ದಕ್ಕುವಂಥದ್ದಲ್ಲ. ಎಂಟೆಂಟು ವಚನಗಳ 22 ಭಾಗ ಅದರಲ್ಲೇ ಇರುವುದರಿಂದ ಅದಕ್ಕೊಂದಕ್ಕೇ 22 ದಿನ. ಹೀಗೆ ಒಂದು ಸುತ್ತಿಗೆ 171 ದಿನ, ಎರಡಕ್ಕೆ 342. ಆ ದಿನಗಳಲ್ಲಿ ಜೊತೆ ಕೂತ ಎಲ್ಲರಿಗೂ ವಂದನೆ ಹೇಳಲು ಈ ಬರಹ. ಯಾರ ಹೆಸರನ್ನೂ ಹಾಕುತ್ತಿಲ್ಲ, ಮಾಡಿದ್ದನ್ನು ಹೇಳಿದರೆ ನಿಮ್ಮ ನಿಮ್ಮ ಪಾಲು ನಿಮಗೇ ಗೊತ್ತಾಗುತ್ತದೆ.

ಮೊದಲ ವಂದನೆ 13ನೇ ಕೀರ್ತನೆಯನ್ನು ನಿಧಾನವಾಗಿ ಓದಲು ಕಲಿಸಿದ ಹಿರಿಯರಿಗೆ. ಇರುವುದು ಆರೇ ವಚನ. ಮೊದಲೆರಡರಲ್ಲಿ 'ಎಷ್ಟರವರೆಗೆ?' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮೂರು, ನಾಲ್ಕರಲ್ಲಿ ಬೇಡಿಕೆ. ಐದಕ್ಕೆ ಬಂದಾಗ ಮಾತು ಭರವಸೆಯ ಕಡೆ ಹೊರಳುತ್ತದೆ. ಕಷ್ಟದಲ್ಲಿರುವವರು ಎಡವುವುದು ಇಲ್ಲೇ. ದೇವರ ಮುಂದೆ ದೂರು ಹೇಳಿದರೆ ಅವಿಶ್ವಾಸವಾದೀತೆಂದು ಹೆದರಿ ಮೊದಲ ನಾಲ್ಕನ್ನು ಹಾರಿಸಿ ಐದಕ್ಕೆ ಓಡುತ್ತಾರೆ. ಬಾಯಿ ಸ್ತೋತ್ರ ಹೇಳುತ್ತಿರುತ್ತದೆ, ಒಳಗಿನ ದೂರು ಅಲ್ಲೇ ಕೊಳೆಯುತ್ತಿರುತ್ತದೆ. ನೀವು ತೋರಿಸಿದ ದಾರಿ ಬೇರೆ. ಒಂದು ಹಾಳೆ, ಒಂದು ಪೆನ್ಸಿಲ್. ಹಾಳೆಯ ಎಡಕ್ಕೆ ಕೀರ್ತನೆಯ ನಾಲ್ಕು 'ಎಷ್ಟರವರೆಗೆ', ಬಲಕ್ಕೆ ಅವರವರ ನಾಲ್ಕು ಸಾಲು: ಈ ಸಾಲ ಎಷ್ಟರವರೆಗೆ, ಮಗ ಮಾತು ಬಿಟ್ಟಿರುವುದು ಎಷ್ಟರವರೆಗೆ. ಅದರ ಕೆಳಗೆ ಬೇಡಿಕೆ ಒಂದೇ ಒಂದು. ಐದನೇ ವಚನ ಆ ದಿನ ಬಾಯಿಗೆ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಬಹುದು ಎಂದಿರಿ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದಲ್ಲ, ಅದನ್ನೂ ಪ್ರಾರ್ಥನೆ ಎಂದೇ ಸತ್ಯವೇದ ಉಳಿಸಿಕೊಂಡಿದೆ ಎಂದಿರಿ. ಆ ಒಂದು ಮಾತಿನಿಂದ ಎಷ್ಟೋ ಜನ ಪ್ರಾರ್ಥನೆ ಬಿಡದೆ ಉಳಿದರು.

ಮೌನದ ಹೊತ್ತು ಕಾಯ್ದವರಿಗೆ ಎರಡನೇ ವಂದನೆ. ಗಡಿಯಾರ ನೋಡುವ ಕೆಲಸ ಒಬ್ಬರದೇ, ಉಳಿದವರ ಫೋನ್ ಪಕ್ಕದ ಕೋಣೆಯಲ್ಲಿ. ಸಣ್ಣ ವ್ಯವಸ್ಥೆ, ದೊಡ್ಡ ಉಪಕಾರ. ಇನ್ನೆಷ್ಟು ನಿಮಿಷವಿದೆ ಎಂದು ಒಮ್ಮೆ ಇಣುಕಿದವರಿಗೆ ಮತ್ತೆ ಮೌನದೊಳಗೆ ಬರಲು ಹೊತ್ತು ಹಿಡಿಯುತ್ತದೆ. ಹಾಸಿಗೆಯ ಮೇಲೆ ಕೂತರೆ ನಿದ್ದೆ ಖಂಡಿತ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ, ಪಾದ ನೆಲಕ್ಕೆ, ಕೈ ತೊಡೆಯ ಮೇಲೆ. ಓದಿದ ಕೀರ್ತನೆಯಿಂದ ಒಂದು ಚಿಕ್ಕ ಮಾತು ಹಿಡಿದುಕೊಳ್ಳುವುದು. ಏನೂ ಹೊಳೆಯದಿದ್ದರೆ 'ಕರ್ತನೇ, ಕರುಣಿಸು' ಸಾಕು. ಮನಸ್ಸು ಓಡಿಹೋಯಿತೆಂದು ಗೊತ್ತಾದ ಕ್ಷಣ ಆ ಮಾತನ್ನು ಒಮ್ಮೆ ಹೇಳಿ ಮರಳುವುದು, ಓಡಿದ್ದಕ್ಕೆ ತನ್ನನ್ನು ಬೈದುಕೊಳ್ಳದೆ. ಬೈದುಕೊಳ್ಳುವುದೂ ಇನ್ನೊಂದು ಅಲೆದಾಟವೇ ಎಂದು ನೀವು ಎಷ್ಟು ಸಲ ಹೇಳಿದಿರೋ! ಒಂದೇ ಚಿಂತೆ ಮೂರನೇ ಸಲ ಬಂದರೆ ಅದನ್ನು ಅಟ್ಟುವ ಬದಲು ಹೆಸರು ಹಿಡಿದು ದೇವರಿಗೆ ಒಪ್ಪಿಸಿ ಮುಂದುವರಿಯುವುದು. ಇಪ್ಪತ್ತು ನಿಮಿಷದಲ್ಲಿ ಐವತ್ತು ಸಲ ಮರಳಿದವರು ಐವತ್ತು ಸಲ ದೇವರ ಕಡೆ ತಿರುಗಿದ ಹಾಗೆ. ಅದನ್ನು ಸೋಲೆಂದು ಬರೆದುಕೊಳ್ಳಬೇಡಿ.

ಒಣಗಾಲದಲ್ಲಿ ಕೈ ಹಿಡಿದವರಿಗೆ ಹೇಗೆ ವಂದಿಸುವುದು? ಮೊದಲ ಕೆಲವು ವಾರದ ಸಿಹಿ ಆರಿ ಕೀರ್ತನೆ ಮರದ ತುಂಡಿನಂತೆ ಕಾಣುವ ದಿನಗಳವು. ವಾರಕ್ಕೊಂದು ಹೊಸ ವಿಧಾನ ಹುಡುಕುವ ಆಸೆ ಹುಟ್ಟುವುದು ಆಗಲೇ, ಇದ್ದದ್ದೂ ಕೈತಪ್ಪುವುದು ಆಗಲೇ. ಪ್ರಾರ್ಥನೆಯ ಬಗ್ಗೆ ಬರೆದ ಸ್ಪೇನಿನ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ (1515–1582) ತಾನೂ ವರ್ಷಗಟ್ಟಲೆ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತೆಂದು ಕಾದವಳು ಎಂದು ನೆನಪಿಸಿದಿರಿ. ಬೇಸರದ ದಿನ ಗೊತ್ತುಮಾಡಿದ ಹೊತ್ತಿಗಿಂತ ತುಸು ಹೆಚ್ಚೇ ಕೂರಬೇಕು, ಮನಸ್ಸು ಕುಗ್ಗಿದಾಗ ಹಿಂದಿನ ನಿರ್ಧಾರ ಬದಲಿಸಬಾರದು ಎಂಬ, ಯೇಸುಸಭೆಯ ಸ್ಥಾಪಕ ಲೊಯೋಲಾದ ಸಂತ ಇಗ್ನೇಷಿಯಸ್ (1491–1556) ಅವರ ಸೂಚನೆಯನ್ನೂ ಕೊಟ್ಟಿರಿ. ನಮ್ಮ 21ನೇ ನಿಮಿಷ ಬಂದದ್ದು ಅಲ್ಲಿಂದ. ಅರ್ಧಕ್ಕೇ ಎದ್ದುಹೋಗಬೇಕೆನಿಸಿದ ದಿನ ಒಂದೇ ಒಂದು ನಿಮಿಷ ಹೆಚ್ಚು.

ಆದರೆ ಎಲ್ಲ ಬರಡುತನವೂ ಒಂದೇ ಅಲ್ಲ. ತೆರೇಸಾರ ಜೊತೆಗಾರ ಸನ್ಯಾಸಿ, ಶಿಲುಬೆಯ ಸಂತ ಯೋಹಾನರು (1542–1591) ಮೂರು ಗುರುತು ಹೇಳುತ್ತಾರೆ: ದೇವರ ವಿಷಯದಲ್ಲೂ ಲೋಕದ ವಿಷಯದಲ್ಲೂ ರುಚಿಯಿಲ್ಲ, ಆದರೂ ದೇವರ ಸೇವೆಯಲ್ಲಿ ಹಿಂದೆ ಬಿದ್ದೆನಲ್ಲಾ ಎಂಬ ನೋವಿದೆ, ಮೊದಲಿನಂತೆ ಯೋಚಿಸಿ ಧ್ಯಾನಿಸಲು ಆಗುತ್ತಿಲ್ಲ. ಮೂರೂ ಒಟ್ಟಿಗಿದ್ದರೆ ದೇವರು ಇನ್ನೂ ಆಳಕ್ಕೆ ನಡೆಸುತ್ತಿದ್ದಾನೆಂದು ತಿಳಿದು ಸುಮ್ಮನೆ ಪ್ರೀತಿಯಿಂದ ಕೂತರೆ ಸಾಕು. ಲೋಕದ ರುಚಿ ಮಾತ್ರ ಚೆನ್ನಾಗಿದ್ದರೆ ಅದು ಬರೀ ಅಲಕ್ಷ್ಯವಿರಬಹುದು. ಇನ್ನು ನಿದ್ದೆ, ಹಸಿವು, ಬದುಕುವ ಆಸೆ ಇವೇ ಕೆಟ್ಟಿದ್ದರೆ ಡಾಕ್ಟರ ಬಳಿ ಹೋಗಬೇಕು, ಪ್ರಾರ್ಥನೆ ಅದರ ಜೊತೆಗೇ ನಡೆಯಲಿ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ, ಡಾಕ್ಟರ ತನಕ ಜೊತೆಗೆ ನಡೆದ ಅಕ್ಕಂದಿರಿಗೆ ನಮ್ಮ ಸಾಷ್ಟಾಂಗ. ಸತ್ಯವೇದದಲ್ಲಿ, ಸಾಯಬೇಕೆಂದು ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ತಿಂದು ಮಲಗಿದ, ಎದ್ದು ಮತ್ತೆ ತಿಂದ. ದೇವರ ಸೂಕ್ಷ್ಮವಾದ ಮೆಲುದನಿ ಕೇಳಿಸಿದ್ದು ಅದಾದ ಎಷ್ಟೋ ದಿನದ ಮೇಲೆ. ಹಾಗೆಯೇ ಅಡುಗೆ ಮಾಡಿ ತಂದವರಿಗೂ, ರೋಗಿಯ ಪಕ್ಕ ರಾತ್ರಿ ಕೂತು ಮನೆಯವರಿಗೆ ನಿದ್ದೆ ಕೊಟ್ಟವರಿಗೂ ಇದೇ ಸಾಲಿನಲ್ಲಿ ವಂದನೆ.

ಬಾಯಿ ಕಟ್ಟಿಹೋದವರ ಬದಲಿಗೆ ಪ್ರಾರ್ಥಿಸಿದವರೇ, ನಿಮ್ಮನ್ನು ಮರೆತಿಲ್ಲ. 'ನಾವು ಹೇಳುತ್ತೇವೆ, ನೀವು ಆಮೆನ್ ಅನ್ನಿ ಸಾಕು' ಎಂದಿರಿ. ಅದೂ ಬಾರದಾಗ, ಮಾತಿಲ್ಲದ ನರಳಾಟದಲ್ಲಿ ಪವಿತ್ರಾತ್ಮನೇ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8:26 ಓದಿದಿರಿ. ಹೊಸ ಮಾತು ಸಿಗುತ್ತಿಲ್ಲ ಎಂದು ನಾಚಿದವರಿಗೆ, ಯೇಸು ಶಿಲುಬೆಯ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೆಮನೆಯನ್ನು ತೋರಿಸಿದಿರಿ. ಯೇಸುವೂ ಮೂರನೇ ಸಲ ಅದೇ ಮಾತನ್ನೇ ಹೇಳಿ ಪ್ರಾರ್ಥಿಸಿದನು. ಇತರರಿಗಾಗಿ ಬೇಡುವ ವಿಜ್ಞಾಪನೆಯ ಎಪ್ಪತ್ತು ಹೆಸರಿನ ಪಟ್ಟಿ ಭಾರವಾಗಿ, ಬರೀ ಹಾಜರಿ ಕೂಗಿದಂತಾದಾಗ ಅದನ್ನು ದಿನಕ್ಕೆ ಹತ್ತರಂತೆ ವಾರಕ್ಕೆ ಹಂಚಿಕೊಟ್ಟವರಿಗೂ ಸ್ತೋತ್ರ. ಈಗ ಪ್ರತಿ ಹೆಸರಿನ ಬಳಿ ಒಂದು ಉಸಿರು ನಿಲ್ಲಲು ಆಗುತ್ತಿದೆ.

ಮೂರನೇ ಸುತ್ತು ಸೋಮವಾರ ಶುರು. ಮೊದಲ ಕೀರ್ತನೆ, ಆರು ವಚನ. ಹೊಸಬರು ಇಪ್ಪತ್ತಕ್ಕೆ ಹೆದರಬೇಡಿ, ಮೊದಲ ವಾರ ಐದು ನಿಮಿಷ ಕೂತು ಎದ್ದರೂ ಯಾರೂ ಏನೂ ಅನ್ನುವುದಿಲ್ಲ. ಪೆನ್ಸಿಲ್ ಮೇಜಿನ ಮೇಲೆ ಇಟ್ಟಿರುತ್ತೇವೆ.